ಹಳೇ ಸಿಸಿಡಿ ಕೊಳ್ಳಲಾ, ಹೊಸ ಸೀಮಾಸ್ ಕೊಳ್ಳಲಾ?

ಪ್ರಶ್ನೆ: "ತಿಪಟೂರಿನಿಂದ ಸ್ವಲ್ಪ ದೂರದಲ್ಲಿ ನಮ್ಮ ತೋಟದ ಮನೆ ಇದೆ. ಮೂರು ವರ್ಷದಿಂದ ಅಲ್ಲಿಂದಲೇ ನೆಬ್ಯುಲಾ, ಗ್ಯಾಲಕ್ಸಿಗಳ ಫೋಟೊ ತೆಗೆಯುತ್ತಿದ್ದೇನೆ. 80 ಮಿ.ಮೀ. ರಿಫ್ರಾಕ್ಟರ್, ಫೋಕಲ್ ಲೆಂತ್ 480 ಮಿ.ಮೀ. ಮಧ್ಯಮ ದರ್ಜೆಯ ಈಕ್ವಟೋರಿಯಲ್ ಮೌಂಟ್ (ಆಕಾಶ ತಿರುಗಿದ ಹಾಗೆ ಟೆಲಿಸ್ಕೋಪನ್ನು ತಿರುಗಿಸುವ ಸ್ಟ್ಯಾಂಡ್). ಕ್ಯಾಮೆರಾ ಮಾಮೂಲಿ ಎಪಿಎಸ್-ಸಿ ಡಿಎಸ್‌ಎಲ್‌ಆರ್. ಗೈಡಿಂಗ್ (ಒಂದು ನಕ್ಷತ್ರವನ್ನು ನೋಡುತ್ತಾ ಮೌಂಟನ್ನು ತಿದ್ದುತ್ತಿರುವ ವ್ಯವಸ್ಥೆ) ಇಲ್ಲ. ಒಂದು ನಿಮಿಷದ ಎಕ್ಸ್‌ಪೋಷರ್ ಚೆನ್ನಾಗಿ ಬರುತ್ತೆ, ಎರಡು ನಿಮಿಷಕ್ಕೆ ಹೋದರೆ ಅರ್ಧಕ್ಕರ್ಧ ಫ್ರೇಮ್‌ಗಳಲ್ಲಿ ನಕ್ಷತ್ರ ಉದ್ದವಾಗುತ್ತೆ. ಈಗ ಪರಿಚಿತರೊಬ್ಬರು ಕೆಎಎಫ್-8300 ಚಿಪ್ ಇರುವ ಹಳೇ ಮೋನೋ (ಕಪ್ಪು-ಬಿಳುಪು) ಸಿಸಿಡಿ ಕ್ಯಾಮೆರಾವನ್ನು ಫಿಲ್ಟರ್ ವೀಲ್ ಸಮೇತ 70,000 ರೂಪಾಯಿಗೆ ಕೊಡ್ತೀನಿ ಅಂತಿದ್ದಾರೆ. ಇನ್ನೊಂದು ಕಡೆ ಐಎಂಎಕ್ಸ್533 ಚಿಪ್ ಇರುವ ಹೊಸ ಕಲರ್ ಸೀಮಾಸ್ ಕ್ಯಾಮೆರಾ ನೋಡಿಟ್ಟಿದ್ದೇನೆ. ಬಜೆಟ್ ಒಂದು ಲಕ್ಷ. ಸಿಸಿಡಿಯೇ ನಿಜವಾದ ಸೈನ್ಸ್ ಕ್ಯಾಮೆರಾ, 16 ಬಿಟ್, ಫೋಟೊ ನುಣುಪಾಗಿ ಬರುತ್ತೆ. ಸೀಮಾಸ್ ಅಂದ್ರೆ ಮೊಬೈಲ್ ಚಿಪ್, ಮೂಲೆಯಲ್ಲಿ ಬೆಳಕು ಉಕ್ಕುತ್ತೆ ಅಂತ ಹಿರಿಯ ಹವ್ಯಾಸಿಯೊಬ್ಬರು ಹೇಳಿದರು. ಮುಂದೆ ವೇರಿಯಬಲ್ ಸ್ಟಾರ್‌ಗಳ (ಹೊಳಪು ಏರಿಳಿಯುವ ನಕ್ಷತ್ರಗಳ) ಹೊಳಪು ಅಳೆಯುವ ಆಸೆಯೂ ಇದೆ. ಯಾವುದು ತಗೊಳ್ಳಲಿ?"

ಉತ್ತರ: ನಿಮ್ಮ ಭಯ ಅರ್ಥವಾಗುತ್ತದೆ. ಕೂಡಿಟ್ಟ ದುಡ್ಡು ಹಾಕಿ ಒಂದು ಕ್ಯಾಮೆರಾ ತಂದು, ಆಮೇಲೆ "ಅಯ್ಯೋ, ಇನ್ನೊಂದನ್ನೇ ತಗೋಬೇಕಿತ್ತು" ಅಂತ ಅನ್ನಿಸಬಾರದು, ಅಷ್ಟೇ ಅಲ್ವಾ? ಹಾಗಾಗಿ ತೀರ್ಪು ಮೊದಲು ಹೇಳಿಬಿಡುತ್ತೇನೆ. ನಿಮ್ಮ ಸಲಕರಣೆಗೆ, ನಿಮ್ಮ ಜಾಗಕ್ಕೆ ಸೀಮಾಸ್ ತೆಗೆದುಕೊಳ್ಳಿ. (ಸಿಸಿಡಿ, ಸೀಮಾಸ್ ಅಂದರೆ ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಚಿಪ್‌ನ ಎರಡು ಬಗೆ.) ಫೋಟೊ ಯಾವುದರಲ್ಲಿ ನುಣುಪಾಗಿ ಬರುತ್ತದೆ ಅನ್ನುವುದು ಇದಕ್ಕೆ ಕಾರಣ ಅಲ್ಲ. ನಿಮ್ಮ ಪತ್ರದಲ್ಲಿ ನೀವೇ ಬರೆದಿರುವ ಒಂದು ಸಾಲು ಕಾರಣ: ಒಂದು ನಿಮಿಷ ಚೆನ್ನಾಗಿ ಬರುತ್ತೆ, ಎರಡು ನಿಮಿಷಕ್ಕೆ ಅರ್ಧ ಫ್ರೇಮ್ ಹಾಳು. ಎರಡೂ ಚಿಪ್‌ಗಳ ವ್ಯತ್ಯಾಸ ನಿಮ್ಮ ಪಾಲಿಗೆ ಬಂದು ನಿಲ್ಲುವುದು ಅಲ್ಲೇ.

ಒಳಗೆ ಏನಾಗುತ್ತದೆ ನೋಡೋಣ. ಬೆಳಕು ಬಿದ್ದಾಗ ಎರಡೂ ಚಿಪ್‌ಗಳಲ್ಲಿ ಆಗುವ ಕೆಲಸ ಒಂದೇ. ಎರಡೂ ಸಿಲಿಕಾನ್. ಬೆಳಕಿನ ಕಣ ಬಂದು ಬಡಿದರೆ ಎಲೆಕ್ಟ್ರಾನ್ ಹುಟ್ಟುತ್ತದೆ, ಪಿಕ್ಸೆಲ್‌ನಲ್ಲಿ ಸೇರುತ್ತಾ ಹೋಗುತ್ತದೆ. ದಾರಿ ಬೇರೆಯಾಗುವುದು ಎಕ್ಸ್‌ಪೋಷರ್ ಮುಗಿದ ಮೇಲೆ, ಎಣಿಸುವಾಗ.

ಊರಿನ ಹಾಲಿನ ಡೈರಿ ನೆನಪು ಮಾಡಿಕೊಳ್ಳಿ. ಇಡೀ ಊರಿಗೆ ಒಂದೇ ಡೈರಿ, ಅಳೆಯುವವರು ಒಬ್ಬರೇ. ಬೆಳಗ್ಗೆ ಎಲ್ಲರೂ ಕ್ಯಾನ್ ಹಿಡಿದು ಸಾಲು ನಿಲ್ಲಬೇಕು. ಎಲ್ಲರ ಹಾಲೂ ಒಂದೇ ಅಳತೆಯಲ್ಲಿ ಅಳೆಯಲ್ಪಡುತ್ತದೆ, ಹಾಗಾಗಿ ತಾರತಮ್ಯದ ಮಾತೇ ಇಲ್ಲ. ಆದರೆ ಸಾಲು ದೊಡ್ಡದು, ಬೇಗ ಮುಗಿಸಬೇಕು. ಗಡಿಬಿಡಿಯಲ್ಲಿ ಪ್ರತಿ ಸಲ ನಾಲ್ಕು ಹನಿ ಆಚೀಚೆ ಆಗುತ್ತದೆ. ಇದು ಸಿಸಿಡಿ. ನಿಮಗೆ ಬಂದಿರುವ ಕೆಎಎಫ್-8300ರಲ್ಲಿ 83 ಲಕ್ಷ ಪಿಕ್ಸೆಲ್‌ಗಳ ಎಲೆಕ್ಟ್ರಾನ್‌ಗಳು ಸಾಲಾಗಿ ಸರಿದು ಬಂದು ಒಂದೇ ಆಂಪ್ಲಿಫೈಯರ್ ಮುಂದೆ ನಿಲ್ಲುತ್ತವೆ. ಅಲ್ಲಿ ಆಗುವ ಆಚೀಚೆಗೆ ರೀಡ್ ನಾಯ್ಸ್ ಅಂತ ಹೆಸರು. ಈ ಚಿಪ್‌ನಲ್ಲಿ ಅದು ಸುಮಾರು 8 ಎಲೆಕ್ಟ್ರಾನ್.

ಸೀಮಾಸ್‌ನಲ್ಲಿ ಮನೆಮನೆಗೂ ಒಂದು ಅಳತೆ, ಬೀದಿಬೀದಿಗೂ ಒಂದು ಲೆಕ್ಕದ ಪುಸ್ತಕ. ಪ್ರತಿ ಪಿಕ್ಸೆಲ್‌ಗೂ ಅದರದ್ದೇ ಆಂಪ್ಲಿಫೈಯರ್, ಪ್ರತಿ ಕಾಲಮ್‌ಗೂ ಅದರದ್ದೇ ಕನ್ವರ್ಟರ್. ಎಲ್ಲರೂ ಒಟ್ಟಿಗೆ ಅಳೆಯುವುದರಿಂದ ಯಾರಿಗೂ ಗಡಿಬಿಡಿ ಇಲ್ಲ. ಹಾಗಾಗಿ ಐಎಂಎಕ್ಸ್533ರಲ್ಲಿ ಸರಿಯಾದ ಗೇನ್ (ಸಿಗ್ನಲ್ ಎಷ್ಟು ಹಿಗ್ಗಿಸಬೇಕು ಅನ್ನುವ ಸೆಟ್ಟಿಂಗ್) ಇಟ್ಟರೆ ರೀಡ್ ನಾಯ್ಸ್ ಸುಮಾರು 1.5 ಎಲೆಕ್ಟ್ರಾನ್‌ಗೆ ಇಳಿಯುತ್ತದೆ. ಆದರೆ ಸಾವಿರಾರು ಅಳತೆಗಳು ಅಂದಮೇಲೆ ಒಂದೊಂದು ಕೂದಲೆಳೆಯಷ್ಟು ಹೆಚ್ಚು ಕಮ್ಮಿ ಇದ್ದೇ ಇರುತ್ತದೆ. ಆ ವ್ಯತ್ಯಾಸ ಪ್ರತಿ ಫ್ರೇಮ್‌ನಲ್ಲೂ ಅದೇ ಜಾಗದಲ್ಲಿ ಅಚ್ಚೊತ್ತಿದ ಹಾಗೆ ಕೂರುತ್ತದೆ. ಹಿರಿಯರು "ಸಿಸಿಡಿ ನುಣುಪು" ಅಂದಿದ್ದರಲ್ಲಿ ಇಷ್ಟು ಸತ್ಯ ಇದೆ. ಸಿಸಿಡಿಯ ನಾಯ್ಸ್ ಜಾಸ್ತಿ ಇದ್ದರೂ ಅದು ಚಿಪ್ ಪೂರ್ತಿ ಒಂದೇ ಥರ ಇರುತ್ತದೆ, ಕಣ್ಣಿಗೆ ಹಿತವಾಗಿ ಕಾಣುತ್ತದೆ. ಸೀಮಾಸ್‌ನ ನಾಯ್ಸ್ ಕಮ್ಮಿ, ಆದರೆ ಅದಕ್ಕೊಂದು ವಿನ್ಯಾಸ ಇರುತ್ತದೆ. ಅದನ್ನು ಹೇಗೆ ಅಳಿಸಬೇಕು ಅಂತ ಮುಂದೆ ಹೇಳುತ್ತೇನೆ, ಅದು ಕಷ್ಟದ ಕೆಲಸ ಅಲ್ಲ.

ಈಗ ಲೆಕ್ಕಕ್ಕೆ ಬರೋಣ. ಇದೊಂದು ಲೆಕ್ಕ ನೀವು ಪೇಪರ್ ಮೇಲೆ ಮಾಡಿ ನೋಡಲೇಬೇಕು.

ಆಕಾಶ ಎಷ್ಟೇ ಕತ್ತಲಾಗಿದ್ದರೂ ಅದರದ್ದೊಂದು ಮಂದ ಬೆಳಕು ಇರುತ್ತದೆ. ಆ ಬೆಳಕು ಪಿಕ್ಸೆಲ್‌ನಲ್ಲಿ ಸಾಕಷ್ಟು ತುಂಬಿದರೆ ರೀಡ್ ನಾಯ್ಸ್ ಅದರೊಳಗೆ ಮುಳುಗಿಹೋಗುತ್ತದೆ. ಒಂದು ಫ್ರೇಮ್‌ನಲ್ಲಿ ಆಕಾಶದಿಂದ ಬಂದ ಎಲೆಕ್ಟ್ರಾನ್‌ಗಳು ರೀಡ್ ನಾಯ್ಸ್‌ನ ವರ್ಗದ ಹತ್ತರಷ್ಟು ಆದರೆ ಸಾಕು. ಆಗ ರೀಡ್ ನಾಯ್ಸ್‌ನಿಂದ ಆಗುವ ನಷ್ಟ ಸುಮಾರು ನೂರಕ್ಕೆ ಐದರಷ್ಟು ಮಾತ್ರ. ಅದಕ್ಕಿಂತ ಉದ್ದದ ಎಕ್ಸ್‌ಪೋಷರ್ ಕೊಟ್ಟರೆ ಹೆಚ್ಚು ಲಾಭ ಇಲ್ಲ, ಫ್ರೇಮ್‌ಗಳ ಸಂಖ್ಯೆ ಹೆಚ್ಚಿಸಿದರೆ ಸಾಕು.

ನಿಮ್ಮ ಟೆಲಿಸ್ಕೋಪಿನಲ್ಲಿ ಪ್ರತಿ ಪಿಕ್ಸೆಲ್‌ಗೆ ಸೆಕೆಂಡಿಗೆ ಒಂದು ಎಲೆಕ್ಟ್ರಾನ್ ಆಕಾಶದಿಂದ ಬರುತ್ತದೆ ಅಂತ ಇಟ್ಟುಕೊಳ್ಳಿ. ಸಿಸಿಡಿಗೆ 8ರ ವರ್ಗ 64, ಅದರ ಹತ್ತರಷ್ಟು 640. ಅಂದರೆ 640 ಸೆಕೆಂಡು, ಹತ್ತೂವರೆ ನಿಮಿಷಕ್ಕೂ ಜಾಸ್ತಿ. ಸೀಮಾಸ್‌ಗೆ 1.5ರ ವರ್ಗ 2.25, ಹತ್ತರಷ್ಟು 22.5. ಅಂದರೆ 23 ಸೆಕೆಂಡು! ಸಿಸಿಡಿಯ ಪಿಕ್ಸೆಲ್ 5.4 ಮೈಕ್ರಾನ್, ಸೀಮಾಸ್‌ನದ್ದು 3.76. ಅಂದರೆ ಸಿಸಿಡಿ ಪಿಕ್ಸೆಲ್ ವಿಸ್ತಾರದಲ್ಲಿ ಎರಡರಷ್ಟಿದೆ, ಅಷ್ಟು ಹೆಚ್ಚು ಬೆಳಕು ಹಿಡಿಯುತ್ತದೆ. ಆ ರಿಯಾಯಿತಿ ಕೊಟ್ಟರೂ ಐದು ನಿಮಿಷ ಬೇಕೇ ಬೇಕು. ಹೈಡ್ರೋಜನ್ ಆಲ್ಫಾದಂಥ ನ್ಯಾರೋಬ್ಯಾಂಡ್ ಫಿಲ್ಟರ್ (ಒಂದು ಬಣ್ಣದ ಕಿರಿದಾದ ಪಟ್ಟಿಯನ್ನಷ್ಟೇ ಬಿಡುವಂಥದ್ದು) ಹಾಕಿದಾಗಂತೂ ಅಂತರ ಇನ್ನೂ ಹಿಗ್ಗುತ್ತದೆ. ಆಕಾಶದ ಬೆಳಕು ಇಪ್ಪತ್ತರಲ್ಲಿ ಒಂದು ಪಾಲಿಗೆ ಇಳಿದರೆ ಸೀಮಾಸ್‌ಗೆ ಏಳೂವರೆ ನಿಮಿಷ ಸಾಕು. ಸಿಸಿಡಿಗೆ ಇದೇ ಲೆಕ್ಕ ಹಾಕಿದರೆ ಗಂಟೆಗಟ್ಟಲೆ ಬರುತ್ತದೆ. ಯಾರ ಕೈಲೂ ಅದು ಆಗದ ಕೆಲಸ. ಅದಕ್ಕೇ ಸಿಸಿಡಿ ಕಾಲದಲ್ಲಿ ನಾವೆಲ್ಲ 20, 30 ನಿಮಿಷದ ಫ್ರೇಮ್ ತೆಗೆದು, ಉಳಿದ ನಷ್ಟ ಒಪ್ಪಿಕೊಂಡು ಇರುತ್ತಿದ್ದೆವು.

ಆ ಕಾಲದ ಒಂದು ರಾತ್ರಿ ನನಗೆ ಇವತ್ತಿಗೂ ನೆನಪಿದೆ. ಚಳ್ಳಕೆರೆ ಕಡೆ ಗೆಳೆಯರೊಬ್ಬರ ಹೊಲ, ಜನವರಿ ತಿಂಗಳು, ರೋಸೆಟ್ ನೆಬ್ಯುಲಾ ನೆತ್ತಿಯ ಹತ್ತಿರ. 20 ನಿಮಿಷದ ಫ್ರೇಮ್ ಓಡುತ್ತಿತ್ತು. ಹದಿನೇಳನೇ ನಿಮಿಷಕ್ಕೆ ಪಕ್ಕದ ದಾರಿಯಲ್ಲಿ ಒಂದು ಟ್ರ್ಯಾಕ್ಟರ್ ತಿರುಗಿತು, ಹೆಡ್‌ಲೈಟ್ ನೇರ ಟೆಲಿಸ್ಕೋಪಿನ ಮೇಲೆ. ಇಪ್ಪತ್ತು ನಿಮಿಷ ಹೋಯಿತು. ಮುಂದಿನ ಫ್ರೇಮ್‌ಗೆ ಗಾಳಿ ಬೀಸಿತು, ನಕ್ಷತ್ರಗಳೆಲ್ಲ ಅಕ್ಕಿಕಾಳಿನ ಹಾಗೆ ಉದ್ದವಾದವು. ಬೆಳಗಿನ ಜಾವ ಎಣಿಸಿದರೆ ಇಡೀ ರಾತ್ರಿಗೆ ಕೈಗೆ ಸಿಕ್ಕಿದ್ದು ಒಂಬತ್ತು ಫ್ರೇಮ್. ಅದೇ ಜಾಗದಲ್ಲಿ ಈಗ ಸೀಮಾಸ್ ಇಟ್ಟು ಒಂದು ನಿಮಿಷದ ಫ್ರೇಮ್ ತೆಗೆದರೆ ಟ್ರ್ಯಾಕ್ಟರ್ ಬಂದಾಗ ಕಳೆದುಕೊಳ್ಳುವುದು ಒಂದು ನಿಮಿಷ.

ನಿಮ್ಮ ವಿಷಯಕ್ಕೆ ಬನ್ನಿ. ಗೈಡಿಂಗ್ ಇಲ್ಲದೆ ಒಂದು ನಿಮಿಷ ಸಲೀಸಾಗಿ ಬರುತ್ತಿದೆ. ಸೀಮಾಸ್‌ಗೆ ಅಷ್ಟು ಸಾಕು. ಸಿಸಿಡಿ ಕೊಂಡರೆ ಮೊದಲ ರಾತ್ರಿಯಿಂದಲೇ ಐದು, ಹತ್ತು ನಿಮಿಷ ಬೇಕಾಗುತ್ತದೆ. ಅಂದರೆ ಗೈಡ್ ಸ್ಕೋಪ್, ಗೈಡ್ ಕ್ಯಾಮೆರಾ ಕೊಳ್ಳಬೇಕು, ಪೋಲಾರ್ ಅಲೈನ್‌ಮೆಂಟ್ (ಮೌಂಟಿನ ಅಕ್ಷವನ್ನು ಆಕಾಶದ ಧ್ರುವಕ್ಕೆ ಹೊಂದಿಸುವುದು) ಈಗಿನದಕ್ಕಿಂತ ಎಷ್ಟೋ ಚೊಕ್ಕ ಆಗಬೇಕು. ತಿಪಟೂರಿನಲ್ಲಿ ಧ್ರುವ ನಕ್ಷತ್ರ ದಿಗಂತದಿಂದ 13 ಡಿಗ್ರಿ ಅಷ್ಟೇ ಮೇಲಿರುತ್ತದೆ. ತೆಂಗಿನ ತೋಟದೊಳಗೆ ನಿಂತರೆ ಅದು ಕಾಣುವುದೇ ಅಪರೂಪ ಅಲ್ವಾ? (ಇದಕ್ಕೆ ದಾರಿ ಇದೆ. ನೀನಾ ಅನ್ನುವ ಉಚಿತ ಸಾಫ್ಟ್‌ವೇರ್‌ಗೆ ಮೂರು ಬಿಂದುಗಳ ಪೋಲಾರ್ ಅಲೈನ್‌ಮೆಂಟ್ ಪ್ಲಗಿನ್ ಸಿಗುತ್ತದೆ. ಆಕಾಶದ ಯಾವ ಭಾಗ ಕಂಡರೂ ಅದು ಕೆಲಸ ಮಾಡುತ್ತದೆ. ಯಾವ ಕ್ಯಾಮೆರಾ ಕೊಂಡರೂ ಇದನ್ನು ಕಲಿತುಕೊಳ್ಳಿ.)

ಇನ್ನು ಹಿರಿಯರು ಹೇಳಿದ ಮಾತುಗಳು. ಅವರು ಸುಳ್ಳು ಹೇಳಿಲ್ಲ. ಅವರು ಕಲಿತ ಕಾಲದಲ್ಲಿ ಅದೇ ನಿಜ ಆಗಿತ್ತು. ಸಿಸಿಡಿಯನ್ನು 1969ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ರೂಪಿಸಿದರು, ಅದಕ್ಕಾಗಿ 2009ರ ಭೌತಶಾಸ್ತ್ರದ ನೊಬೆಲ್‌ನಲ್ಲಿ ಪಾಲು ಪಡೆದರು. ದಶಕಗಳ ಕಾಲ ಅದಕ್ಕೆ ಎದುರೇ ಇರಲಿಲ್ಲ. ಶುರುವಿನ ಸೀಮಾಸ್ ಚಿಪ್‌ಗಳು ನಿಜಕ್ಕೂ ಕಳಪೆ ಇದ್ದವು. ಆಮೇಲೆ ಮೊಬೈಲ್, ಡಿಎಸ್‌ಎಲ್‌ಆರ್‌ಗಳಿಗಾಗಿ ಕೋಟಿಗಟ್ಟಲೆ ಚಿಪ್ ತಯಾರಾಗಿ ಅವು ಸುಧಾರಿಸುತ್ತಾ ಬಂದವು. 2015ರಲ್ಲಿ ಸೋನಿ ಸಿಸಿಡಿ ತಯಾರಿಕೆ ನಿಲ್ಲಿಸುವ ನಿರ್ಧಾರ ತಿಳಿಸಿತು. ಕೊಡಾಕ್‌ನ ಚಿಪ್ ವಿಭಾಗ ಕೈ ಬದಲಾಗಿ ಆನ್ ಸೆಮಿಕಂಡಕ್ಟರ್ ಸೇರಿತ್ತು. ಅವರೂ 2019ರಲ್ಲಿ ಸಿಸಿಡಿ ನಿಲ್ಲಿಸುವುದಾಗಿ ಹೇಳಿದರು. ನಿಮಗೆ ಬಂದಿರುವ ಕೆಎಎಫ್-8300 ಅದೇ ಮನೆತನದ್ದು.

"ಹಾಗಾದರೆ ದೊಡ್ಡ ವೀಕ್ಷಣಾಲಯಗಳಲ್ಲಿ ಇನ್ನೂ ಯಾಕೆ ಸಿಸಿಡಿ?" ಅಂತ ಕೇಳಬಹುದು. ಸರಿಯಾದ ಪ್ರಶ್ನೆ. ಚಿಲಿಯ ವೆರಾ ರೂಬಿನ್ ವೀಕ್ಷಣಾಲಯದ 3,200 ಮೆಗಾಪಿಕ್ಸೆಲ್ ಕ್ಯಾಮೆರಾ 189 ಸಿಸಿಡಿಗಳಿಂದ ಕಟ್ಟಿದ್ದು. ಲಡಾಖ್‌ನ ಹಾನ್ಲೆಯಲ್ಲಿರುವ 2 ಮೀಟರ್ ಹಿಮಾಲಯನ್ ಚಂದ್ರ ಟೆಲಿಸ್ಕೋಪನ್ನು ನಮ್ಮ ಹೊಸಕೋಟೆಯ ಕೇಂದ್ರದಲ್ಲಿ ಕುಳಿತು ನಡೆಸುತ್ತಾರೆ, ಅದರಲ್ಲೂ ಸಿಸಿಡಿ ಇದೆ. ಅಂಥ ಕಡೆ ಚಿಪ್ಪನ್ನು ಸೊನ್ನೆಗಿಂತ ಸುಮಾರು ನೂರು ಡಿಗ್ರಿ ಕೆಳಗೆ ಇಡುತ್ತಾರೆ. ಟ್ರ್ಯಾಕಿಂಗ್ ಚೊಕ್ಕ. ಟೆಲಿಸ್ಕೋಪಿನ ಫೋಕಲ್ ಲೆಂತ್ ಉದ್ದ, ಅದಕ್ಕೆ ದೊಡ್ಡ ಪಿಕ್ಸೆಲ್ಲೇ ಒಪ್ಪುತ್ತದೆ. ಕೆಂಪಿನಾಚೆಯ ಬೆಳಕು ಹಿಡಿಯಲು ದಪ್ಪ ಸಿಲಿಕಾನ್ ಬೇಕು. ಅಲ್ಲಿ ಸಿಸಿಡಿಯೇ ಸರಿ. ಆದರೆ ಆ ಸಿಸಿಡಿಗೂ ನಿಮಗೆ 70,000ಕ್ಕೆ ಬಂದಿರುವ ಸಿಸಿಡಿಗೂ ಹೆಸರೊಂದೇ ಸಮ.

16 ಬಿಟ್ ವಿಷಯ. ಇದು ಬಹಳ ಜನರನ್ನು ದಾರಿ ತಪ್ಪಿಸಿದೆ. ಬಿಟ್ ಅಂದರೆ ಅಳತೆ ಪಟ್ಟಿಯ ಮೇಲಿನ ಗೆರೆಗಳು ಮಾತ್ರ. ಕೆಎಎಫ್-8300ರ ಒಂದು ಪಿಕ್ಸೆಲ್ ತುಂಬಿದರೆ ಸುಮಾರು 25,500 ಎಲೆಕ್ಟ್ರಾನ್. ಅದನ್ನು 65,536 ಗೆರೆಗಳಿಗೆ ಹಂಚಿದರೆ ಒಂದು ಎಲೆಕ್ಟ್ರಾನ್‌ಗೆ ಎರಡೂವರೆ ಗೆರೆ. ಆದರೆ ಅಳೆಯುವಾಗಲೇ 8 ಎಲೆಕ್ಟ್ರಾನ್ ಆಚೀಚೆ ಆಗುತ್ತಿದೆಯಲ್ಲ, ಅಷ್ಟು ಸಣ್ಣ ಗೆರೆ ಹಾಕಿ ಏನು ಉಪಯೋಗ? ನಿಜವಾಗಿ ನೋಡಬೇಕಾದ್ದು ಪಿಕ್ಸೆಲ್‌ನ ಸಾಮರ್ಥ್ಯವನ್ನು ರೀಡ್ ನಾಯ್ಸ್‌ನಿಂದ ಭಾಗಿಸಿದರೆ ಎಷ್ಟು ಬರುತ್ತದೆ ಅಂತ. ಸಿಸಿಡಿಯಲ್ಲಿ ಅದು ಸುಮಾರು 3,200. ಐಎಂಎಕ್ಸ್533ರಲ್ಲಿ ಎಚ್‌ಸಿಜಿ ಅಂತ ತೋರಿಸುವ ಗೇನ್ ಇಟ್ಟರೆ (ಹಲವು ಕ್ಯಾಮೆರಾಗಳಲ್ಲಿ ಅದು 100) ಸಾಮರ್ಥ್ಯ ಸುಮಾರು 16,000 ಎಲೆಕ್ಟ್ರಾನ್, ನಾಯ್ಸ್ 1.5. ಭಾಗಿಸಿದರೆ ಹತ್ತು ಸಾವಿರದ ಮೇಲೆ. 14 ಬಿಟ್ ಚಿಪ್ 16 ಬಿಟ್ ಚಿಪ್‌ಗಿಂತ ಮೂರು ಪಟ್ಟು ಮುಂದಿದೆ. ಓರಿಯನ್ ನೆಬ್ಯುಲಾದ ಉರಿಯುವ ನಡುಭಾಗವನ್ನೂ ಅದರ ಸುತ್ತಲಿನ ಹೊಗೆಯಂಥ ಅಂಚನ್ನೂ ಒಟ್ಟಿಗೆ ಹಿಡಿಯುವಾಗ ಈ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

ಮೂಲೆಯಲ್ಲಿ ಬೆಳಕು ಉಕ್ಕುವುದಕ್ಕೆ ಆಂಪ್ ಗ್ಲೋ ಅನ್ನುತ್ತಾರೆ. 16 ಮೆಗಾಪಿಕ್ಸೆಲ್‌ನ ಪ್ಯಾನಾಸೋನಿಕ್ ಚಿಪ್ ಇದ್ದ ಕ್ಯಾಮೆರಾಗಳಲ್ಲಿ, ಐಎಂಎಕ್ಸ್294 ಇರುವ ಕ್ಯಾಮೆರಾಗಳಲ್ಲಿ ಅದು ಎದ್ದು ಕಾಣುತ್ತದೆ. ಡಾರ್ಕ್ ಫ್ರೇಮ್ (ಮುಚ್ಚಳ ಹಾಕಿ ಅಷ್ಟೇ ಹೊತ್ತು ತೆಗೆದ ಫ್ರೇಮ್) ಕಳೆದರೆ ಗ್ಲೋ ಹೋಗುತ್ತದೆ, ಆದರೆ ಆ ಜಾಗದಲ್ಲಿ ನಾಯ್ಸ್ ಸ್ವಲ್ಪ ಉಳಿಯುತ್ತದೆ. ಐಎಂಎಕ್ಸ್533, ಐಎಂಎಕ್ಸ್571 ಚಿಪ್‌ಗಳಲ್ಲಿ ಈ ಕಾಟ ಇಲ್ಲ. ಹಾಗಾಗಿ ಸೆಕೆಂಡ್ ಹ್ಯಾಂಡ್ ಸೀಮಾಸ್ ನೋಡುವುದಾದರೆ "ಸೀಮಾಸ್" ಅನ್ನುವ ಪದ ನೋಡಬೇಡಿ, ಚಿಪ್‌ನ ಹೆಸರು ಕೇಳಿ.

ಈಗ ಸೀಮಾಸ್‌ನ ನಿಜವಾದ ತೊಂದರೆಗಳನ್ನೂ ಹೇಳಬೇಕು.

ನಿಮಗೆ ಮೊದಲು ತಟ್ಟುವುದು ಫ್ರೇಮ್‌ನ ಅಗಲ. ಐಎಂಎಕ್ಸ್533 ಚೌಕದ ಚಿಪ್, ಒಂದೊಂದು ಬದಿ 11.3 ಮಿ.ಮೀ. ನಿಮ್ಮ 480 ಮಿ.ಮೀ. ಫೋಕಲ್ ಲೆಂತ್‌ಗೆ 1.35 ಡಿಗ್ರಿ ಆಕಾಶ ಸಿಗುತ್ತದೆ. ಈಗಿನ ಡಿಎಸ್‌ಎಲ್‌ಆರ್‌ನಲ್ಲಿ 2.6 ಡಿಗ್ರಿ ಉದ್ದ ಸಿಗುತ್ತಿದೆ. ಆ ಹಳೇ ಸಿಸಿಡಿಯೂ 2.1 ಡಿಗ್ರಿ ಕೊಡುತ್ತದೆ, ಈ ಒಂದು ವಿಷಯದಲ್ಲಿ ಅದು ಗೆದ್ದಿದೆ. ಆಂಡ್ರೊಮಿಡಾ ಗ್ಯಾಲಕ್ಸಿ 533ರಲ್ಲಿ ಪೂರ್ತಿ ಕೂರುವುದಿಲ್ಲ. ರೋಸೆಟ್ ಅಂಚಿಗೆ ಅಂಚು ತಾಗುತ್ತದೆ. ನಿಮಗೆ ದೊಡ್ಡ ನೆಬ್ಯುಲಾಗಳೇ ಇಷ್ಟ ಅನ್ನುವುದಾದರೆ ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಕೊಳ್ಳಿ. ಐಎಂಎಕ್ಸ್571 ಎಪಿಎಸ್-ಸಿ ಅಳತೆಯದು, ಬಹಳ ಒಳ್ಳೆಯ ಚಿಪ್, ಆದರೆ ಹೊಸದು ನಿಮ್ಮ ಬಜೆಟ್ ದಾಟುತ್ತದೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕರೆ ನಾನಾದರೆ 533 ಬಿಟ್ಟು ಅದಕ್ಕೆ ಕೈ ಹಾಕುತ್ತೇನೆ.

ಇನ್ನೊಂದು, ಮೊದಲು ಹೇಳಿದ ಅಚ್ಚೊತ್ತಿದ ನಾಯ್ಸ್. ಮೌಂಟ್ ನಿಧಾನಕ್ಕೆ ಒಂದೇ ಕಡೆ ಜಾರುತ್ತಿದ್ದರೆ, ಫ್ರೇಮ್‌ಗಳನ್ನೆಲ್ಲ ಸೇರಿಸಿ ಸ್ಟ್ಯಾಕ್ ಮಾಡಿದಾಗ ಆ ಚುಕ್ಕೆಗಳು ಓರೆ ಮಳೆಯ ಹಾಗೆ ಗೆರೆಗೆರೆಯಾಗಿ ಕಾಣುತ್ತವೆ. ಗೈಡಿಂಗ್ ಇಲ್ಲದ ನಿಮಗೆ ಇದು ಖಂಡಿತ ಕಾಣಿಸುತ್ತದೆ, ಬಹುಶಃ ಡಿಎಸ್‌ಎಲ್‌ಆರ್‌ನಲ್ಲೂ ಈಗಾಗಲೇ ಕಂಡಿರಬೇಕು. ಮದ್ದು ಡಿದರಿಂಗ್. ಮೂರು ನಾಲ್ಕು ಫ್ರೇಮ್‌ಗೊಮ್ಮೆ ಟೆಲಿಸ್ಕೋಪನ್ನು ಹತ್ತಾರು ಪಿಕ್ಸೆಲ್‌ನಷ್ಟು ಯಾವುದೋ ಒಂದು ಕಡೆಗೆ ಸರಿಸುವುದು. ಸಾಫ್ಟ್‌ವೇರ್ ತಾನೇ ಮಾಡುತ್ತದೆ, ಗೈಡಿಂಗ್ ಇಲ್ಲದೆಯೂ ಆಗುತ್ತದೆ. ಸೀಮಾಸ್ ಕೊಂಡು ಡಿದರ್ ಮಾಡದೆ "ಸಿಸಿಡಿ ನುಣುಪು ಬರಲಿಲ್ಲ" ಅನ್ನುವವರನ್ನು ತುಂಬಾ ನೋಡಿದ್ದೇನೆ.

ಡಾರ್ಕ್ ಫ್ರೇಮ್ ವಿಷಯದಲ್ಲೂ ಸ್ವಲ್ಪ ಶಿಸ್ತು ಬೇಕು. ಅದೇ ಗೇನ್, ಅದೇ ಉಷ್ಣಾಂಶ, ಅಷ್ಟೇ ಸೆಕೆಂಡು. ಸಿಸಿಡಿಯಲ್ಲಿ 10 ನಿಮಿಷದ ಡಾರ್ಕನ್ನು 5 ನಿಮಿಷಕ್ಕೆ ಹೊಂದಿಸಿಕೊಳ್ಳುತ್ತಿದ್ದ ಹಾಗೆ ಇಲ್ಲಿ ಮಾಡಬೇಡಿ. ಮಳೆಗಾಲದಲ್ಲಿ ಹೇಗೂ ಆಕಾಶ ಕಾಣುವುದಿಲ್ಲ. ಆಗ ಕ್ಯಾಮೆರಾಕ್ಕೆ ಮುಚ್ಚಳ ಹಾಕಿ ಕತ್ತಲೆ ಬೀರುವಿನೊಳಗಿಟ್ಟು ಒಂದು ಡಾರ್ಕ್ ಸೆಟ್ ಮಾಡಿಟ್ಟುಕೊಳ್ಳಿ, ವರ್ಷಕ್ಕಾಗುತ್ತದೆ. ಹಾಗೇ ಫೈಲ್‌ಗಳು. ಒಂದು ಫ್ರೇಮ್ ಸುಮಾರು 18 ಎಂಬಿ. ಅರ್ಧ ಅರ್ಧ ನಿಮಿಷದಂತೆ ನಾಲ್ಕು ಗಂಟೆ ತೆಗೆದರೆ 480 ಫ್ರೇಮ್, ಎಂಟೂವರೆ ಜಿಬಿ ದಾಟುತ್ತದೆ. ಅದಕ್ಕೇ ಒಂದು ನಿಮಿಷ ಇಡಿ ಅನ್ನುತ್ತೇನೆ.

ಇನ್ನು ಆ ಹಳೇ ಕ್ಯಾಮೆರಾ. ಅದರಲ್ಲಿ ಮೆಕ್ಯಾನಿಕಲ್ ಶಟರ್ ಇರುತ್ತದೆ, ಈ ಚಿಪ್‌ಗೆ ಅದು ಬೇಕೇ ಬೇಕು. ನಾನು ಬಳಸಿದ ಒಂದು ಸಿಸಿಡಿಯಲ್ಲಿ ಆ ಶಟರ್ ಕೈ ಕೊಟ್ಟಿತು. ಪ್ರತಿ ಫ್ರೇಮ್‌ನ ಒಂದು ಪಕ್ಕ ಕೊಡಲಿಯಾಕಾರದ ನೆರಳು. ತಯಾರಕರಿಗೆ ಬರೆದರೆ ಆ ಮಾದರಿಯ ಬಿಡಿ ಭಾಗ ಈಗ ಇಲ್ಲ ಅಂದರು. ಕೊನೆಗೆ ಶಟರನ್ನು ತೆರೆದ ಸ್ಥಿತಿಯಲ್ಲೇ ಅಂಟಿಸಿ, ಕೈಯಲ್ಲಿ ಮುಚ್ಚಳ ಹಾಕಿ ತೆಗೆದು ಎರಡು ವರ್ಷ ನಡೆಸಿದೆ. ಇನ್ನೊಂದು ಕ್ಯಾಮೆರಾ ದುರಸ್ತಿಗೆ ನನ್ನ ಮೇಜಿಗೆ ಬಂದಾಗ ತಣ್ಣಗೆ ಮಾಡಿ ಐದೇ ನಿಮಿಷಕ್ಕೆ ಚಿಪ್ ಮೇಲೆ ಮಂಜಿನ ಹರಳು ಕಟ್ಟಿತು, ಬಳ್ಳಿ ಹಬ್ಬಿದ ಹಾಗೆ ಅಂಚಿನಿಂದ ನಡುವಿಗೆ. ಒಳಗಿನ ತೇವ ಹೀರುವ ಸಿಲಿಕಾ ಕಾಳುಗಳು ಪೂರ್ತಿ ಸೋತಿದ್ದವು. ಓವನ್‌ನಲ್ಲಿ ಹುರಿದು ತುಂಬಿದ ಮೇಲೆ ಸರಿಹೋಯಿತು. ನಮ್ಮ ಮಳೆಗಾಲ ಕಂಡ ಹಳೇ ಕ್ಯಾಮೆರಾಗಳಲ್ಲಿ ಇದು ಮಾಮೂಲು.

ಅಷ್ಟಾದರೂ ಸಿಸಿಡಿಯ ಕಡೆಗೇ ಮನಸ್ಸು ಎಳೆಯುತ್ತಿದ್ದರೆ ದುಡ್ಡು ಕೊಡುವ ಮೊದಲು ನಿಮ್ಮ ಲ್ಯಾಪ್‌ಟಾಪನ್ನೇ ತೆಗೆದುಕೊಂಡು ಹೋಗಿ. ಡ್ರೈವರ್ ಈಗಿನ ವಿಂಡೋಸ್‌ನಲ್ಲಿ ಕೂರುತ್ತದಾ ನೋಡಿ, ಎಷ್ಟೋ ಹಳೇ ಕ್ಯಾಮೆರಾಗಳ ಕಥೆ ಅಲ್ಲೇ ಮುಗಿಯುತ್ತದೆ. ಸೊನ್ನೆಗಿಂತ 10 ಡಿಗ್ರಿ ಕೆಳಗೆ ಇಟ್ಟು ಒಂದು ಗಂಟೆ ಬಿಡಿ. ಕೂಲರ್ ನೂರಕ್ಕೆ ನೂರು ಓಡುತ್ತಾ ಒದ್ದಾಡುತ್ತಿದ್ದರೆ ಬಿಟ್ಟುಬಿಡಿ. ಬಿಳಿ ಗೋಡೆಯ ಎರಡು ಫ್ರೇಮ್ ತೆಗೆಯಿರಿ, ತಣ್ಣಗೆ ಮಾಡುವ ಮೊದಲು ಒಂದು, ಆ ಗಂಟೆ ಮುಗಿದ ಮೇಲೆ ಒಂದು. ಮೊದಲನೆಯದರಲ್ಲಿ ಇಲ್ಲದ ಕಲೆ ಎರಡನೆಯದರಲ್ಲಿ ಬಂದಿದ್ದರೆ ಮಂಜಿನ ಗುಮಾನಿ ಪಡಿ. ಬಿಳಿ ಗೋಡೆಗೆ ತಿರುಗಿಸಿ ಕೆಲವು ಸೆಕೆಂಡಿನ ಇಪ್ಪತ್ತು ಫ್ರೇಮ್ ತೆಗೆದರೆ ಶಟರ್ ಸರಿ ಇದೆಯಾ ಅಂತ ಗೊತ್ತಾಗುತ್ತದೆ. ಇಷ್ಟೆಲ್ಲ ಪಾಸಾದರೂ 70,000 ಜಾಸ್ತಿಯೇ. ಫಿಲ್ಟರ್‌ಗಳೂ ಸೇರಿ 30,000ದ ಆಸುಪಾಸಿಗೆ ಬಂದರೆ ಯೋಚಿಸಬಹುದು. ಯಾಕಂದರೆ ಮೋನೋ ಕೆಲಸ ಕಲಿಯಲು ಅದು ಒಳ್ಳೆಯ ಗುರು, ಫಿಲ್ಟರ್‌ಗಳು ಮುಂದೆ ಮೋನೋ ಸೀಮಾಸ್‌ಗೂ ಆಗುತ್ತವೆ. ಅದೂ ಗಟ್ಟಿ ಮೌಂಟ್, ಗೈಡಿಂಗ್ ಎರಡೂ ಇರುವವರಿಗೆ.

ಏನೂ ಕೊಳ್ಳದೆ ಡಿಎಸ್‌ಎಲ್‌ಆರ್‌ನ ಒಳಗಿನ ಫಿಲ್ಟರ್ ತೆಗೆಸುವುದು ಇನ್ನೊಂದು ದಾರಿ. ಮಾಮೂಲಿ ಕ್ಯಾಮೆರಾದ ಫಿಲ್ಟರ್ 656 ನ್ಯಾನೋಮೀಟರ್‌ನ ಹೈಡ್ರೋಜನ್ ಕೆಂಪನ್ನು ಬಹುಪಾಲು ತಡೆದುಬಿಡುತ್ತದೆ. ಅದನ್ನು ತೆಗೆಸಿದರೆ ನೆಬ್ಯುಲಾಗಳು ಒಮ್ಮೆಲೇ ಅರಳುತ್ತವೆ, ಖರ್ಚು ಕಮ್ಮಿ, ಅಗಲ ಫ್ರೇಮ್ ಉಳಿಯುತ್ತದೆ. ಆದರೆ ಶಾಖ ಹಾಗೇ ಇರುತ್ತದೆ. ಏಪ್ರಿಲ್ ರಾತ್ರಿ ಒಂದರ ಹಿಂದೊಂದು ಫ್ರೇಮ್ ತೆಗೆಯುವಾಗ ಡಿಎಸ್‌ಎಲ್‌ಆರ್ ಚಿಪ್ 30 ಡಿಗ್ರಿ ದಾಟಿರುತ್ತದೆ. ಸುಮಾರು 6 ಡಿಗ್ರಿ ಇಳಿಸಿದರೆ ಡಾರ್ಕ್ ಕರೆಂಟ್ (ಬೆಳಕಿಲ್ಲದಿದ್ದರೂ ಶಾಖದಿಂದ ಹುಟ್ಟುವ ಎಲೆಕ್ಟ್ರಾನ್‌ಗಳು) ಅರ್ಧವಾಗುತ್ತದೆ. 30ರಿಂದ ಸೊನ್ನೆಯ ಕೆಳಗಿನ 10ಕ್ಕೆ ಇಳಿಸಿದರೆ ನೂರರಲ್ಲಿ ಒಂದು ಪಾಲು! ಈಗಿನ ಕೂಲ್ಡ್ ಕ್ಯಾಮೆರಾಗಳು ಹೊರಗಿನ ಗಾಳಿಗಿಂತ 35 ಡಿಗ್ರಿ ಕೆಳಗೆ ಇಳಿಯುತ್ತವೆ. ಹಾಗಾಗಿ ನಮ್ಮಲ್ಲಿ ವರ್ಷಪೂರ್ತಿ ಸೊನ್ನೆಯ ಕೆಳಗೆ 5 ಡಿಗ್ರಿಗೆ ಇಟ್ಟುಬಿಡಿ, ಒಂದೇ ಡಾರ್ಕ್ ಸೆಟ್ ಸಾಕು. ನಿಮ್ಮ ಫೋಟೊದಲ್ಲಿ ಕಾಣುವ ದೊಡ್ಡ ಬದಲಾವಣೆ ಬರುವುದು ಈ ತಂಪಿನಿಂದ ಮತ್ತು ಹೈಡ್ರೋಜನ್ ಕೆಂಪಿನಿಂದ. ಕೂಲರ್‌ಗೆ 12 ವೋಲ್ಟ್‌ನಲ್ಲಿ 2-3 ಆಂಪಿಯರ್ ಬೇಕಾಗಬಹುದು. ಕರೆಂಟ್ ಹೋದರೂ ನಡೆಯುವ ಹಾಗೆ ಬ್ಯಾಟರಿ ಲೆಕ್ಕ ಹಾಕಿಕೊಳ್ಳಿ.

ಕ್ಯಾಮೆರಾ ತಗೊಂಡು ಉಳಿದ ದುಡ್ಡಿನಲ್ಲಿ ಸಣ್ಣ ಗೈಡ್ ಸ್ಕೋಪ್‌ಗೆ ದಾರಿ ಮಾಡಿ. ಈಗಲೇ ಆಗದಿದ್ದರೆ ಮುಂದಿನ ವರ್ಷ. ಹೈಡ್ರೋಜನ್ ಮತ್ತು ಆಕ್ಸಿಜನ್ ಎರಡನ್ನೂ ಬಿಡುವ ಡ್ಯುಯಲ್ ಬ್ಯಾಂಡ್ ಫಿಲ್ಟರ್ ಅದರ ನಂತರ. ಅದಕ್ಕೆ ಕೆಲವು ನಿಮಿಷದ ಫ್ರೇಮ್ ಬೇಕಾಗುವುದರಿಂದ ಗೈಡಿಂಗ್ ಮೊದಲು ಬರಬೇಕು.

ವೇರಿಯಬಲ್ ಸ್ಟಾರ್ ಬಗ್ಗೆ ಚಿಂತೆ ಬೇಡ. ಕಲರ್ ಸೀಮಾಸ್‌ನಲ್ಲಿ ಅದು ಚೆನ್ನಾಗಿಯೇ ಆಗುತ್ತದೆ. ವೇರಿಯಬಲ್ ಸ್ಟಾರ್ ವೀಕ್ಷಕರ ಅಮೆರಿಕದ ಸಂಘ ಎಎವಿಎಸ್‌ಒ, ಕಲರ್ ಕ್ಯಾಮೆರಾದ ಹಸಿರು ಚಾನೆಲ್‌ನ ಅಳತೆಗಳಿಗೆ ಟಿಜಿ ಅನ್ನುವ ಪ್ರತ್ಯೇಕ ಗುರುತನ್ನೇ ಇಟ್ಟಿದೆ. ಗೇನ್ ಬದಲಾಯಿಸಬೇಡಿ, ನಕ್ಷತ್ರದ ನಡುವಿನ ಪಿಕ್ಸೆಲ್ ತುಂಬಿ ಹರಿಯದ ಹಾಗೆ ನೋಡಿಕೊಳ್ಳಿ, ಫೋಕಸ್ ಕೊಂಚ ಸಡಿಲ ಇರಲಿ, ಫ್ಲಾಟ್ (ಸಮವಾದ ಬೆಳಕಿಗೆ ಹಿಡಿದು ತೆಗೆಯುವ ಫ್ರೇಮ್) ತಪ್ಪಿಸಬೇಡಿ. ಮಿನುಗುವಿಕೆಯ ಏರಿಳಿತ ತಗ್ಗಲು ಹತ್ತಿಪ್ಪತ್ತು ಫ್ರೇಮ್‌ಗಳನ್ನು ಸೇರಿಸಿ ಅಳೆಯಿರಿ.

ಕ್ಯಾಮೆರಾ ಕೈಗೆ ಬಂದ ದಿನವೇ ಆಕಾಶಕ್ಕೆ ತಿರುಗಿಸಬೇಡಿ. ಮುಚ್ಚಳ ಹಾಕಿ, ಸೊನ್ನೆಯ ಕೆಳಗೆ 5 ಡಿಗ್ರಿಗೆ ಇಟ್ಟು, ಒಂದು ನಿಮಿಷದ ಇಪ್ಪತ್ತು ಡಾರ್ಕ್ ತೆಗೆಯಿರಿ. ಒಂದರ ಹೊಳಪನ್ನು ಸ್ಕ್ರೀನ್ ಮೇಲೆ ಪೂರ್ತಿ ಹಿಗ್ಗಿಸಿ ನೋಡಿ, ಅಂಚುಗಳು ನಡುಭಾಗದಷ್ಟೇ ಕಪ್ಪಾಗಿರಬೇಕು. ಗೆರೆಯೋ ಬೆಳಕೋ ಕಂಡರೆ ವಾರಂಟಿ ಇರುವಾಗಲೇ ವಾಪಸ್ ಕೊಡಬಹುದು. ಅನುಮಾನ ಬಂದರೆ ಆ ಫೈಲನ್ನು ನನಗೆ ಕಳಿಸಿ, ನೋಡಿ ಹೇಳುತ್ತೇನೆ.